ಐದನೆಯ ಒಂದು ಪಾಲು

ಕ್ರೈಸ್ತರ ವಿಚ್ಛೇದನ ಕಾಯಿದೆ ಹುಟ್ಟಿದ್ದು 1869ರಲ್ಲಿ. ಇಂಗ್ಲೆಂಡಿನ 1857ರ ಕಾನೂನೇ ಅದಕ್ಕೆ ಮಾದರಿ. ಗಂಡನು ಹೆಂಡತಿಯ ವ್ಯಭಿಚಾರವನ್ನು ರುಜುವಾತುಪಡಿಸಿದರೆ ಸಾಕಿತ್ತು. ಹೆಂಡತಿಯಾದರೋ ಸಾಮಾನ್ಯವಾಗಿ ಗಂಡನ ವ್ಯಭಿಚಾರದ ಜೊತೆಗೆ ಕ್ರೌರ್ಯವನ್ನೋ ಎರಡು ವರ್ಷಗಳ ಪರಿತ್ಯಾಗವನ್ನೋ ತೋರಿಸಬೇಕಿತ್ತು. ದಿನವೂ ಏಟು ತಿಂದವಳಿಗೆ, ಅದೊಂದೇ ಕಾರಣಕ್ಕೆ, ದೊರೆಯುತ್ತಿದ್ದುದು ಪ್ರತ್ಯೇಕವಾಸದ ತೀರ್ಪು ಮಾತ್ರ. ದಾವೆ ನಡೆಯುವಷ್ಟು ಕಾಲ ಆಕೆಯ ಜೀವನಾಂಶ ಗಂಡನ ಆದಾಯದ ಐದನೆಯ ಒಂದು ಪಾಲನ್ನು ಮೀರುವಂತಿರಲಿಲ್ಲ. ಮಕ್ಕಳ ಪಾಲನೆ, ಪೋಷಣೆ, ಶಿಕ್ಷಣದ ಬಗ್ಗೆ ನ್ಯಾಯಾಲಯ ಆಜ್ಞೆ ಮಾಡಬಹುದಿತ್ತು, ನಿಜ. ಆದರೆ ದೇಶೀಯ ತಂದೆಯ ಮಗ 16 ತುಂಬಿದೊಡನೆ, ಮಗಳು 13 ತುಂಬಿದೊಡನೆ ಅಪ್ರಾಪ್ತರಲ್ಲ. ಉಳಿದವರ ಅವಿವಾಹಿತ ಮಕ್ಕಳಿಗೆ 18! ಹದಿಮೂರು ತುಂಬಿದ ಆ ಹುಡುಗಿ ಯಾರ ಮನೆಯ ಅನ್ನ ಉಣ್ಣಬೇಕಿತ್ತೋ?

ಇಂಗ್ಲೆಂಡು 1937ರಲ್ಲೇ ಕ್ರೌರ್ಯವೊಂದೇ ಸಾಕೆಂದಿತು. ನಮ್ಮಲ್ಲಿ 1995ರಲ್ಲಿ ಕೇರಳ ಹೈಕೋರ್ಟು ದಾರಿ ತೆರೆಯಿತು. 2001ರಲ್ಲಿ ಸಂಸತ್ತು ಕ್ರೌರ್ಯವನ್ನು ಇಬ್ಬರಿಗೂ ಸ್ವತಂತ್ರ ಕಾರಣವಾಗಿಸಿ, ಐದನೆಯ ಪಾಲಿನ ಮಿತಿಯನ್ನೂ ಅಳಿಸಿತು.

ನಾಗರಿಕ ವಿಚ್ಛೇದನದಿಂದ ವಿವಾಹಬಂಧ ಕಳಚದೆನ್ನುತ್ತದೆ ಧರ್ಮಸಭೆ. ಆದರೆ "ಸಹಿಸಿಕೋ ಮಗಳೇ" ಎಂದಷ್ಟೇ ಹೇಳಿ ಕಳುಹಿಸುವವರು 1983ರ ಧರ್ಮಸಭಾ ಕಾನೂನು ಸಂಹಿತೆಯ 1153ನೆಯ ವಿಧಿಯನ್ನು ನೋಡಲಿ: ಸಂಗಾತಿಯ ಅಥವಾ ಮಕ್ಕಳ ಆತ್ಮಕ್ಕೋ ದೇಹಕ್ಕೋ ಗಂಭೀರ ಅಪಾಯ ಒಡ್ಡಿದವರಿಂದ ಬೇರೆ ವಾಸಿಸಲು ಅದು ನ್ಯಾಯವಾದ ಕಾರಣ. ಬೇರ್ಪಟ್ಟ ಮೇಲೂ ಮಕ್ಕಳ ಪೋಷಣೆಗೂ ಶಿಕ್ಷಣಕ್ಕೂ ತಕ್ಕ ಏರ್ಪಾಡು ಆಗಲೇಬೇಕೆಂದು ಅದರ ಮುಂದಿನ ವಿಧಿ ಆಜ್ಞಾಪಿಸುತ್ತದೆ.