ಒಂದು ಪಾಸಿನ ಹಿಂದಿನ ನಂಬಿಕೆ

ಕಲಬುರಗಿಯ ಕಾಲೇಜು ಮೈದಾನವಿರಲಿ, ಕಮಲಾಪುರದ ಶಾಲೆಯ ಬಯಲಿರಲಿ, ಫುಟ್‌ಬಾಲ್ ಆಡುವ ಹುಡುಗರನ್ನು ಅರ್ಧ ಗಂಟೆ ನೋಡಿದರೆ ಸಾಕು, ಯಾರು ಯಾರೊಡನೆ ಮಾತು ಬಿಟ್ಟಿದ್ದಾರೆಂಬುದು ತಿಳಿಯುತ್ತದೆ. ಗೆಳೆಯ ದೂರದಲ್ಲಿದ್ದರೂ ಚೆಂಡು ಅವನಿಗೇ ಹೋಗುತ್ತದೆ. ಮುನಿಸಿಕೊಂಡವನು ಗೋಲಿನ ಎದುರಿಗೇ ನಿಂತಿದ್ದರೂ ಅವನಿಗೆ ಸಿಗುವುದಿಲ್ಲ. ತಂಡದೊಳಗಿನ ಸಂಬಂಧಗಳು ಸೋಲು ಗೆಲುವನ್ನು ನಿರ್ಧರಿಸಬಲ್ಲವೆ? ಈ ಪ್ರಶ್ನೆಗೆ ನಮ್ಮ ಭಾಗದ ಚರಿತ್ರೆಯಲ್ಲೇ ಒಂದು ಉತ್ತರವಿದೆ.

1956ರ ನವೆಂಬರ್ 1ರವರೆಗೆ ಕಲಬುರಗಿ ಹೈದರಾಬಾದ್ ರಾಜ್ಯದಲ್ಲಿತ್ತು. ಕಮಲಾಪುರ, ಹುಮನಾಬಾದ್ ಮೇಲೆ ಹೋಗುವ ದಾರಿ ಆಗ ನಮ್ಮವರಿಗೆ ರಾಜಧಾನಿಯ ದಾರಿ. ಆ ರಾಜಧಾನಿಯ ಹೈದರಾಬಾದ್ ಸಿಟಿ ಪೊಲೀಸ್ ತಂಡ 1950ರಿಂದ 1954ರವರೆಗೆ ಸತತ 5 ಬಾರಿ ಮುಂಬಯಿಯ ರೋವರ್ಸ್ ಕಪ್ ಗೆದ್ದಿತು. ಅದರ ತರಬೇತುದಾರರು ಸೈಯದ್ ಅಬ್ದುಲ್ ರಹೀಮ್. ಮೊದಲು ಶಾಲಾ ಶಿಕ್ಷಕರಾಗಿದ್ದವರು.

ರಹೀಮರು ಡ್ರಿಬ್ಲಿಂಗ್‌ಗೆ ಅವಕಾಶವಿಲ್ಲದ ಪಂದ್ಯಾವಳಿಗಳನ್ನು ನಡೆಸಿದರು. ಅಂದರೆ ಚೆಂಡನ್ನು ತನ್ನ ಕಾಲಲ್ಲೇ ಇಟ್ಟುಕೊಂಡು ಓಡುವಂತಿಲ್ಲ; ಸಿಕ್ಕ ಕೂಡಲೇ ಜೊತೆಗಾರನಿಗೆ ಕೊಡಬೇಕು, ಅದು ಮರಳಿ ಬಂದೀತೆಂದು ನಂಬಿ ಖಾಲಿ ಜಾಗಕ್ಕೆ ಓಡಬೇಕು. ಹೀಗೆ ಆಡುವಾಗ ಮನಸ್ತಾಪ ಬಚ್ಚಿಡಲು ಜಾಗವಿರುವುದಿಲ್ಲ. ನಂಬಿಕೆ ಇಲ್ಲಿ ಬರಿಯ ಒಳ್ಳೆಯ ಗುಣವಲ್ಲ, ಆಟದ ತಂತ್ರವೇ ಆಗುತ್ತದೆ.

ಭಾಷೆ ಬೇರೆಯಾದರೆ ಇದು ಸಾಧ್ಯವೆ ಎಂದು ನೀವು ಕೇಳಬಹುದು. ಅದೇ ಕಾಲದಲ್ಲಿ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಕ್ಲಬ್ಬಿನಲ್ಲಿ ಐವರು ಮುನ್ಪಡೆ ಆಟಗಾರರಿದ್ದರು: ಬೆಂಗಳೂರಿನ ಅಹಮದ್ ಖಾನ್, ಆಂಧ್ರದ ಅಪ್ಪಾರಾವ್, ಕೇರಳದ ಸಾಲೆ, ಇವರೊಡನೆ ವೆಂಕಟೇಶ್ ಮತ್ತು ಧನರಾಜ್. ಬಂಗಾಳದ ಜನ ಇವರನ್ನು 'ಪಂಚ ಪಾಂಡವರು' ಎಂದೇ ಕರೆದರು. 1949ರಿಂದ 1951ರವರೆಗೆ ಆ ಕ್ಲಬ್ ಸತತ 3 ಬಾರಿ ಐ.ಎಫ್.ಎ. ಶೀಲ್ಡ್ ಗೆದ್ದಿತು.

ಕಠಿಣ ಪರೀಕ್ಷೆ ಬಂದದ್ದು 1962ರ ಜಕಾರ್ತ ಏಷ್ಯನ್ ಕ್ರೀಡಾಕೂಟದಲ್ಲಿ. ರಹೀಮರೇ ಭಾರತ ತಂಡದ ತರಬೇತುದಾರರು. ಆಗಲೇ ಕಾಯಿಲೆ ಬಿದ್ದಿದ್ದರು. ನಾಯಕ ಚುನಿ ಗೋಸ್ವಾಮಿ ಮೋಹನ್ ಬಗಾನ್ ಆಟಗಾರ, ತುಳಸೀದಾಸ್ ಬಲರಾಂ ಅದರ ಬದ್ಧ ಎದುರಾಳಿ ಈಸ್ಟ್ ಬೆಂಗಾಲ್‌ನವರು. ಮೊದಲ ಪಂದ್ಯದಲ್ಲಿ ದಕ್ಷಿಣ ಕೊರಿಯ ಎದುರು 0-2ರ ಸೋಲು. ಮುಂದೆ ರಕ್ಷಣಾ ಆಟಗಾರ ಜರ್ನೈಲ್ ಸಿಂಗ್ ತಲೆಗೆ ಪೆಟ್ಟಾಯಿತು. ರಹೀಮರು ಅವರನ್ನು ಮುನ್ಪಡೆಗೆ ಕಳಿಸಿದರು. ಅಲ್ಲಿದ್ದವರು ಜಾಗ ಮಾಡಿಕೊಟ್ಟರು. ಸೆಪ್ಟೆಂಬರ್ 4ರ ಫೈನಲ್‌ನಲ್ಲಿ ಅದೇ ಕೊರಿಯವನ್ನು ಭಾರತ 2-1ರಿಂದ ಸೋಲಿಸಿತು. ಒಂದು ಗೋಲು ಪಿ.ಕೆ. ಬ್ಯಾನರ್ಜಿಯವರದು, ಇನ್ನೊಂದು ಜರ್ನೈಲರದು. ರಹೀಮರು 1963ರ ಜೂನ್‌ನಲ್ಲಿ ತೀರಿಕೊಂಡರು.

ಒಗ್ಗಟ್ಟಿದ್ದರೆ ಸಾಕು ಎಂದು ಇದರ ಅರ್ಥವಲ್ಲ. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಇದೇ ರಹೀಮರ ತಂಡ ಆಸ್ಟ್ರೇಲಿಯವನ್ನು 4-2ರಿಂದ ಮಣಿಸಿತಾದರೂ ಯುಗೋಸ್ಲಾವಿಯಕ್ಕೆ 1-4ರಿಂದ ಸೋತು, ಕೊನೆಗೆ 4ನೇ ಸ್ಥಾನ ಪಡೆಯಿತು. ಸ್ನೇಹವು ಅಭ್ಯಾಸದ ಬದಲಿಗೆ ಬರುವುದಿಲ್ಲ. ಅಭ್ಯಾಸದ ಫಲ ಕೈಜಾರದಂತೆ ಕಾಯುತ್ತದೆ.

ವಿದ್ಯಾರ್ಥಿ ಮಿತ್ರರೆ, ಮುಂದಿನ ಪಂದ್ಯದಲ್ಲಿ ಒಬ್ಬರು ಹೊರಗೆ ಕೂತು, ಯಾರು ಯಾರಿಗೆ ಎಷ್ಟು ಸಲ ಪಾಸ್ ಕೊಟ್ಟರೆಂದು ನೋಟ್‌ಬುಕ್ಕಿನಲ್ಲಿ ಗುರುತು ಹಾಕಿ. ಯಾರದೋ ಒಂದು ಹೆಸರಿನ ಮುಂದೆ ಗುರುತೇ ಇಲ್ಲದಿದ್ದರೆ, ಆಟ ಮುಗಿದ ಮೇಲೆ ಮೊದಲು ಅವನ ಜೊತೆ ಮಾತಾಡಿ.