ಗೃಹರಕ್ಷಣೆಯ ಹಕ್ಕು ಮತ್ತು ಶ್ರಾವಕಧರ್ಮ: ಒಂದು ಐತಿಹಾಸಿಕ ವಿವೇಚನೆ

ಬೆಂಗಳೂರಿನ ದಕ್ಷಿಣಕ್ಕೆ, ಇಂದಿನ ಎಲೆಕ್ಟ್ರಾನಿಕ್ ಸಿಟಿಗೆ ಅನತಿದೂರದಲ್ಲಿರುವ ಬೇಗೂರಿನ ನಾಗೇಶ್ವರ ದೇವಾಲಯದ ಆವರಣದಲ್ಲಿ ಗಂಗರ ಕಾಲದ ಒಂದು ವೀರಗಲ್ಲಿದೆ. ಸುಮಾರು ಕ್ರಿ.ಶ. 890ರದೆಂದು ವಿದ್ವಾಂಸರು ಗುರುತಿಸಿರುವ ಈ ಶಾಸನವು ಬೆಂಗಳೂರಿನ ಕಾಳಗದಲ್ಲಿ ನಾಗತ್ತರನ ಕಡೆಯವರು ಮಡಿದುದನ್ನು ಹೇಳುತ್ತದೆ. ಊರಿನ ಹೆಸರು ಲಿಖಿತರೂಪದಲ್ಲಿ ದೊರೆಯುವ ಪ್ರಾಚೀನ ದಾಖಲೆಯೆಂದು ಇದು ಪ್ರಸಿದ್ಧವಾಗಿದೆ. ಕನ್ನಡನಾಡಿನ ವೀರಗಲ್ಲುಗಳಲ್ಲಿ ಮತ್ತೆ ಮತ್ತೆ ಕಾಣುವ ಪ್ರಸಂಗಗಳೆಂದರೆ ತುರುಗೊಳ್, ಊರಳಿವು ಮತ್ತು ಪೆಣ್ಬುಯ್ಯಲ್. ಅಂದರೆ ದನಗಳನ್ನು, ಊರುಮನೆಗಳನ್ನು, ಹೆಣ್ಣುಮಕ್ಕಳ ಮಾನವನ್ನು ಕಾಯಲು ನಡೆದ ಹೋರಾಟಗಳು. ಕಾದು ಸತ್ತವನಿಗೆ ಕಲ್ಲು ನೆಟ್ಟರು. ಅವನ ಕೈಯಲ್ಲಿ ಸತ್ತವರ ಪಾಪಪುಣ್ಯವನ್ನು ಆ ಕಲ್ಲು ವಿಚಾರಿಸಲಿಲ್ಲ. ಸತ್ತವನು ಆಕ್ರಮಣಕಾರನೇ ಆಗಿದ್ದರೂ ಅವನ ಪ್ರಾಣಕ್ಕೂ ಲೆಕ್ಕ ಕೇಳುವ ಸಂಪ್ರದಾಯಗಳು ಎರಡು: ಒಂದು ಜಿನಾಗಮ, ಇನ್ನೊಂದು ಆಧುನಿಕ ನ್ಯಾಯಶಾಸ್ತ್ರ. ಈ ಎರಡೂ ಗೃಹಸ್ಥನಿಗೆ ಏನನ್ನು ಅನುಮತಿಸುತ್ತವೆ, ಎಲ್ಲಿ ತಡೆಯುತ್ತವೆ ಎಂಬುದು ಇಂದಿನ ಶ್ರಾವಕರಿಗೂ ಬಸದಿ, ಮಂದಿರಗಳ ವಿಶ್ವಸ್ತರಿಗೂ ವಿಚಾರಣೀಯವಾದ ವಿಷಯ.

1882ರಲ್ಲಿ ಆಂಗ್ಲೋ-ಇಂಡಿಯನ್ ಕುಟುಂಬಗಳ ಒಕ್ಕಲು ನೆಲೆಯಾಗಿ ಆರಂಭವಾದ ವೈಟ್‌ಫೀಲ್ಡ್, 1970ರ ದಶಕದಲ್ಲಿ ಮೊಳೆತ ಪೀಣ್ಯ ಕೈಗಾರಿಕಾ ಪ್ರದೇಶ ಮತ್ತು ಎಲೆಕ್ಟ್ರಾನಿಕ್ ಸಿಟಿ, ಇವು ಇಂದು ಮಹಾನಗರದ ಹೊರವಲಯದ ಜನನಿಬಿಡ ಭಾಗಗಳು. ಹಳ್ಳಿಯಲ್ಲಿ ಒಬ್ಬನು ಕೂಗಿದರೆ ಹತ್ತು ಮನೆಯವರು ಬರುತ್ತಿದ್ದರು. ಇಲ್ಲಿ ನೆರೆಮನೆಯವರ ಹೆಸರೂ ತಿಳಿಯದು. ಅಂಗಡಿ, ಗೋದಾಮು, ಕಾರ್ಖಾನೆ, ಮಂದಿರಗಳ ರಾತ್ರಿಯ ರಕ್ಷಣೆ ಕೂಲಿಯ ಕಾವಲುಗಾರನ ಪಾಲಿಗೆ ಬಂದಿದೆ. ನಡುರಾತ್ರಿ ಬಾಗಿಲು ಮುರಿಯುವ ಸದ್ದು ಕೇಳಿದಾಗ ಮನೆಯ ಯಜಮಾನನಾಗಲಿ ಕಾವಲುಗಾರನಾಗಲಿ ಏನು ಮಾಡಬಹುದು? ಕೈಮೀರಿ ಒಂದು ಪ್ರಾಣ ಹೋದರೆ ಅದನ್ನು ಕೊಲೆಯೆನ್ನಬೇಕೆ?

ಶಾಸ್ತ್ರದ ದೃಷ್ಟಿ

ಗೃಹಸ್ಥನ ಹಿಂಸೆಯನ್ನು ಜೈನಪರಂಪರೆಯು ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿದೆ. ಕೊಲ್ಲಬೇಕೆಂಬ ಸಂಕಲ್ಪದಿಂದ ಮಾಡುವ ಹಿಂಸೆ ಅಣುವ್ರತಿಗೆ ಸರ್ವಥಾ ತ್ಯಾಜ್ಯ. ಅಡಿಗೆ, ಗೃಹಕೃತ್ಯಗಳಲ್ಲಿ ಆಗುವುದು ಆರಂಭಿ. ಕೃಷಿ ವಾಣಿಜ್ಯಾದಿಗಳಲ್ಲಿ ಆಗುವುದು ಉದ್ಯೋಗಿ. ತನ್ನನ್ನೂ ತನ್ನ ಆಶ್ರಿತರನ್ನೂ ಧರ್ಮಾಯತನಗಳನ್ನೂ ಆಕ್ರಮಣದಿಂದ ಕಾಪಾಡುವಾಗ ಒದಗುವುದು ವಿರೋಧಿ. ಈ ಕೊನೆಯದನ್ನು ಗೃಹಸ್ಥನು ಪೂರ್ಣವಾಗಿ ಬಿಡಲಾರನೆಂದು ಆಚಾರ್ಯರು ಒಪ್ಪಿದ್ದಾರೆ. ಗಂಗರ ದಂಡನಾಯಕನಾಗಿದ್ದ ಚಾವುಂಡರಾಯನೇ ಶ್ರವಣಬೆಳಗೊಳದಲ್ಲಿ ಗೊಮ್ಮಟೇಶ್ವರನನ್ನು ನಿಲ್ಲಿಸಿದನು. ಹೊಯ್ಸಳ ವಿಷ್ಣುವರ್ಧನನ ಸೇನಾಪತಿ ಗಂಗರಾಜನು ಪರಮಜಿನಭಕ್ತನಾಗಿದ್ದನು.

ಆದರೆ ಬಿಡಲಾಗದ್ದೆಲ್ಲ ನಿರ್ದೋಷವೆಂದು ಇದರ ಅರ್ಥವಲ್ಲ. ಪ್ರಮಾದಯುಕ್ತವಾದ ಯೋಗದಿಂದ ಪ್ರಾಣವನ್ನು ಹರಿಸುವುದೇ ಹಿಂಸೆಯೆಂದು ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಲಕ್ಷಣ ಹೇಳಿದ್ದಾರೆ. ಕೃತಿ ಒಂದೇ ಆದರೂ ಭಾವಭೇದದಿಂದ ಫಲಭೇದ ಉಂಟಾಗುವುದೆಂದು ಅಮೃತಚಂದ್ರಾಚಾರ್ಯರ ಪುರುಷಾರ್ಥಸಿದ್ಧ್ಯುಪಾಯವು ವಿಸ್ತಾರವಾಗಿ ತಿಳಿಸುತ್ತದೆ. ಬಾಗಿಲೊಡೆದು ಒಳಬಂದವನನ್ನು ತಡೆಯಲು ಎತ್ತಿದ ಕೋಲು ವಿರೋಧಿ ಹಿಂಸೆ. ಅವನು ಬೆನ್ನು ತಿರುಗಿಸಿ ಓಡುವಾಗ ಸಿಟ್ಟಿನಿಂದ ಬೀಸಿದ ಅದೇ ಕೋಲು ಸಂಕಲ್ಪಿ ಹಿಂಸೆ. ನಡುವಿನ ಅಂತರ ಕೆಲವೇ ಕ್ಷಣಗಳದು. ನ್ಯಾಯಾಲಯಗಳ ಒಂದೂವರೆ ಶತಮಾನದ ವಿಚಾರವೂ ಬಹುಪಾಲು ಈ ಕೆಲವೇ ಕ್ಷಣಗಳ ಸುತ್ತ ನಡೆದಿದೆ.

ದಂಡಸಂಹಿತೆ ಬರೆದ ಗಡಿ

ಮೆಕಾಲೆಯ ನೇತೃತ್ವದ ಕಾನೂನು ಆಯೋಗವು 1837ರಲ್ಲಿ ಸಿದ್ಧಪಡಿಸಿದ ಕರಡು, ಪರಿಷ್ಕಾರಗೊಂಡು 1860ರಲ್ಲಿ ಭಾರತೀಯ ದಂಡಸಂಹಿತೆಯಾಯಿತು; 1862ರ ಜನವರಿ 1ರಿಂದ ಜಾರಿಗೆ ಬಂದಿತು. ಅದರ 96ರಿಂದ 106ರವರೆಗಿನ ಕಲಮುಗಳು ಖಾಸಗಿ ರಕ್ಷಣೆಯ ಹಕ್ಕಿಗೆ ಮೀಸಲಾಗಿದ್ದವು. ತನ್ನ ದೇಹವನ್ನಷ್ಟೇ ಅಲ್ಲ, ಇತರರ ದೇಹವನ್ನೂ, ತನ್ನ ಹಾಗೂ ಇತರರ ಸ್ವತ್ತನ್ನೂ ರಕ್ಷಿಸುವ ಹಕ್ಕನ್ನು ಅವು ಕೊಟ್ಟವು. ದರೋಡೆ, ರಾತ್ರಿ ಮನೆ ಒಡೆಯುವುದು, ವಾಸದ ಕಟ್ಟಡಕ್ಕೆ ಬೆಂಕಿಯಿಡುವುದು ಇವುಗಳ ವಿರುದ್ಧ ಆಕ್ರಮಣಕಾರನ ಪ್ರಾಣ ಹೋಗುವಷ್ಟರವರೆಗೂ ಹಕ್ಕು ಚಾಚಬಹುದೆಂದು 103ನೆಯ ಕಲಂ ಹೇಳಿತು. ಸಾಮಾನ್ಯ ಕಳವಿಗಾಗಲಿ ಅತಿಕ್ರಮ ಪ್ರವೇಶಕ್ಕಾಗಲಿ ಈ ವಿಸ್ತಾರವಿಲ್ಲ. ಸಾವು ಅಥವಾ ತೀವ್ರ ಗಾಯದ ಭಯಕ್ಕೆ ಯುಕ್ತ ಕಾರಣವಿದ್ದರೆ ಮಾತ್ರ ಉಂಟು.

ಇದೆಲ್ಲಕ್ಕೂ 99ನೆಯ ಕಲಂ ಗಡಿ ಹಾಕಿತು. ಸರ್ಕಾರಿ ಅಧಿಕಾರಿಗಳ ರಕ್ಷಣೆ ಪಡೆಯಲು ಸಮಯವಿದ್ದರೆ ಹಕ್ಕೇ ಇಲ್ಲ. ಹಕ್ಕು ಇದ್ದಾಗಲೂ ರಕ್ಷಣೆಗೆ ಅಗತ್ಯವಾದುದಕ್ಕಿಂತ ಹೆಚ್ಚಿನ ಹಾನಿ ಮಾಡುವಂತಿಲ್ಲ. ಸದ್ಭಾವನೆಯಿಂದ, ಪೂರ್ವಯೋಚನೆಯಿಲ್ಲದೆ, ಸೇಡಿನ ಉದ್ದೇಶವಿಲ್ಲದೆ ಈ ಗಡಿಯನ್ನು ಮೀರಿ ಪ್ರಾಣಹಾನಿ ಮಾಡಿದವನ ಅಪರಾಧವನ್ನು ಕೊಲೆಯೆಂದು ಎಣಿಸದೆ ಅದಕ್ಕಿಂತ ಕೆಳಗಿನ ದಂಡಾರ್ಹ ನರಹತ್ಯೆಯೆಂದು ಎಣಿಸಬೇಕೆಂದು 300ನೆಯ ಕಲಮಿನ ಎರಡನೆಯ ವಿನಾಯಿತಿ ವಿಧಿಸಿತು. ಭಾವವನ್ನು ಗಮನಿಸದೆ ಕೃತಿಯನ್ನು ಅಳೆಯಲಾಗದೆಂಬುದನ್ನು ಲೌಕಿಕ ಕಾನೂನೂ ಹೀಗೆ ಒಪ್ಪಿಕೊಂಡಿತು.

ಜ್ಯೂರಿಗೆ ನ್ಯಾಯಾಧೀಶರ ಬೋಧೆ

ಇಂಥ ಸೂಕ್ಷ್ಮವನ್ನು ನಿರ್ಣಯಿಸುವ ಹೊಣೆ ಒಂದು ಕಾಲದಲ್ಲಿ ಸಾಮಾನ್ಯ ನಾಗರಿಕರ ಮೇಲೂ ಇತ್ತು. 1898ರ ದಂಡಪ್ರಕ್ರಿಯಾ ಸಂಹಿತೆಯಂತೆ, ಸರ್ಕಾರ ಗೊತ್ತುಪಡಿಸಿದ ಜಿಲ್ಲೆಗಳಲ್ಲಿ ಸೆಷನ್ಸ್ ವಿಚಾರಣೆ ಜ್ಯೂರಿಯ ಮುಂದೆ ನಡೆಯುತ್ತಿತ್ತು. ಸಾಕ್ಷ್ಯ ಮುಗಿದ ಮೇಲೆ ನ್ಯಾಯಾಧೀಶರು ಉಭಯಪಕ್ಷಗಳ ಸಾಕ್ಷ್ಯವನ್ನು ಸಂಗ್ರಹಿಸಿ ಹೇಳಿ, ಅನ್ವಯಿಸಬೇಕಾದ ಕಾನೂನನ್ನು ತಿಳಿಯಪಡಿಸಬೇಕೆಂದು 297ನೆಯ ಕಲಂ ವಿಧಿಸಿತ್ತು. ಸಂಗತಿ ನಿಜವೋ ಅಲ್ಲವೋ ಎಂಬ ತೀರ್ಮಾನ ಜ್ಯೂರಿಯದು; ಆ ತೀರ್ಮಾನಕ್ಕೆ ಅಳತೆಗೋಲು ನ್ಯಾಯಾಧೀಶರದು. ಅಳತೆಗೋಲೇ ತಪ್ಪಾದರೆ ಅಳತೆಯೂ ತಪ್ಪುವುದಷ್ಟೆ. ಆದುದರಿಂದ ನ್ಯಾಯಾಧೀಶರು ತಪ್ಪು ಬೋಧಿಸಿದ್ದರೆ ಉಚ್ಚ ನ್ಯಾಯಾಲಯವು ಜ್ಯೂರಿಯ ನಿರ್ಣಯವನ್ನು ಬದಿಗಿಡಬಹುದಾಗಿತ್ತು.

1959ರ ನಾನಾವತಿ ಪ್ರಕರಣ ಇದಕ್ಕೆ ಪ್ರಸಿದ್ಧ ನಿದರ್ಶನ. ಮುಂಬಯಿಯಲ್ಲಿ ನೌಕಾಪಡೆಯ ಅಧಿಕಾರಿಯೊಬ್ಬನು ತನ್ನ ಪತ್ನಿಯ ಪ್ರಿಯಕರನನ್ನು ಅವನ ಮನೆಯ ಮಲಗುವ ಕೋಣೆಯಲ್ಲೇ ಗುಂಡಿಟ್ಟು ಕೊಂದ ಆರೋಪವದು. ಕೈಕೈ ಹತ್ತಿ ಸೆಣಸುವಾಗ ಗುಂಡು ಹಾರಿತೆಂಬುದು ಆರೋಪಿಯ ವಾದ. ಎಂಟು ಮಂದಿ ನಿರ್ದೋಷಿಯೆಂದೂ ಒಬ್ಬರು ದೋಷಿಯೆಂದೂ ಹೇಳಿದರು. ಸೆಷನ್ಸ್ ನ್ಯಾಯಾಧೀಶರು ಇದನ್ನು ಒಪ್ಪದೆ ಉಚ್ಚ ನ್ಯಾಯಾಲಯಕ್ಕೆ ಕಳುಹಿದರು. ವಿನಾಯಿತಿಯನ್ನು ಕೋರುವವನೇ ಅದರ ಸಂದರ್ಭಗಳನ್ನು ತೋರಿಸಬೇಕೆಂಬ ಸಾಕ್ಷ್ಯ ಅಧಿನಿಯಮದ 105ನೆಯ ಕಲಮಿನ ನಿಯಮವನ್ನು ಜ್ಯೂರಿಗೆ ಸರಿಯಾಗಿ ತಿಳಿಸಿರಲಿಲ್ಲವೆಂಬುದು ಮುಖ್ಯ ದೋಷಗಳಲ್ಲೊಂದಾಗಿ ಕಂಡುಬಂದಿತು. ಶಿಕ್ಷೆಯನ್ನು 1961ರ ನವೆಂಬರ್ 24ರಂದು ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಪ್ರಕರಣ ಆತ್ಮರಕ್ಷಣೆಯದಲ್ಲದಿದ್ದರೂ ಆ ನಿಯಮ ಆತ್ಮರಕ್ಷಣೆಯ ವಾದಕ್ಕೂ ಸಮಾನ. ಜ್ಯೂರಿ ಪದ್ಧತಿಯನ್ನು ಕೈಬಿಡಬೇಕೆಂದು ಕಾನೂನು ಆಯೋಗವು 1958ರಲ್ಲೇ ಸಲಹೆ ಮಾಡಿತ್ತು. 1974ರ ಏಪ್ರಿಲ್ 1ರಿಂದ ಜಾರಿಗೆ ಬಂದ ಹೊಸ ಸಂಹಿತೆಯಲ್ಲಿ ಅದಕ್ಕೆ ಸ್ಥಾನವಿರಲಿಲ್ಲ. ಅಂದು ಜ್ಯೂರಿಗೆ ಹೇಳಬೇಕಾಗಿದ್ದ ಮಾತನ್ನು ಇಂದು ನ್ಯಾಯಾಧೀಶರು ತಮ್ಮ ತೀರ್ಪಿನಲ್ಲೇ ಕಾರಣಸಹಿತವಾಗಿ ಬರೆಯಬೇಕು.

ಮೂರು ತೀರ್ಪುಗಳು

1950ರ ಮಾರ್ಚ್ 5ರಂದು ಕಟನಿಯಲ್ಲಿ ಕೋಮುಗಲಭೆ ನಡೆಯಿತು. ಗುಂಪೊಂದು ಅಮ್ಜದ್ ಖಾನನಿದ್ದ ಕಟ್ಟಡದ ಇನ್ನೊಂದು ಭಾಗವನ್ನು ಒಡೆದು ಲೂಟಿಮಾಡಿತು. ಮನೆಯ ಹೆಂಗಸರೂ ಮಕ್ಕಳೂ ಅವನ ಆಶ್ರಯಕ್ಕೆ ಓಡಿಬಂದರು. ಗುಂಪು ಅವನ ಬಾಗಿಲನ್ನೂ ಲಾಠಿಗಳಿಂದ ಬಡಿಯತೊಡಗಿದಾಗ ಅವನು ಎರಡು ಗುಂಡು ಹಾರಿಸಿದನು, ಒಬ್ಬನು ಸತ್ತನು. ಕೆಳಗಿನ ನ್ಯಾಯಾಲಯಗಳು ಶಿಕ್ಷೆ ವಿಧಿಸಿದವು. 1952ರಲ್ಲಿ ಸುಪ್ರೀಂ ಕೋರ್ಟು ಅವನನ್ನು ಬಿಡುಗಡೆ ಮಾಡಿತು. ಬಾಗಿಲು ಮುರಿದು ಒಳಗೆ ಬರುವವರೆಗೆ ಕಾಯಬೇಕೆಂದು ಹೇಳಲಾಗದು, ಅಂಥ ಗಳಿಗೆಯ ನಿರ್ಧಾರವನ್ನು ಚಿನ್ನ ತೂಗುವ ತಕ್ಕಡಿಯಲ್ಲಿ ತೂಗಲಾಗದು ಎಂಬುದು ಅದರ ತಾತ್ಪರ್ಯ. ತಕ್ಕಡಿಯ ಬೆಲೆ ತಿಳಿದ ವರ್ತಕರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ.

ಎರಡನೆಯದು ಅಂದಿನ ಪಂಜಾಬಿನ ಜಯದೇವ ಪ್ರಕರಣ. ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ವ್ಯಾಸಂಗ ಮಾಡಿದ್ದ ನ್ಯಾಯಮೂರ್ತಿ ಗಜೇಂದ್ರಗಡಕರ್ ಅವರು ಬರೆದ ತೀರ್ಪು ಅದು. ಹೊಲದ ಜಗಳದಲ್ಲಿ ಎದುರಾಳಿಗಳು ಓಡತೊಡಗಿದ ಮೇಲೂ ಗುಂಡು ಹಾರಿಸಿದವರಿಗೆ ರಕ್ಷಣೆಯ ಹಕ್ಕು ದೊರೆಯಲಿಲ್ಲ. ಭಯ ಹುಟ್ಟಿದಾಗ ಹುಟ್ಟುವ ಹಕ್ಕು ಭಯ ತೊಲಗಿದೊಡನೆ ತೊಲಗುತ್ತದೆ.

ಮೂರನೆಯದು ಬಿಹಾರದ ಚೆರುಬಿನ್ ಗ್ರೆಗರಿ ಪ್ರಕರಣ. ತನ್ನ ಶೌಚಾಲಯಕ್ಕೆ ಪರರು ಬಾರದಿರಲೆಂದು ಒಬ್ಬನು ವಿದ್ಯುತ್ತು ಹರಿಯುವ ಬರಿಯ ತಂತಿಯನ್ನು ಹಾಕಿದನು. ಮಹಿಳೆಯೊಬ್ಬಳು ತಗುಲಿ ಸತ್ತಳು. ಅತಿಕ್ರಮಿಸಿದವರ ಪ್ರಾಣಕ್ಕೂ ಕಾನೂನಿನ ರಕ್ಷಣೆ ಉಂಟೆಂದು 1963ರಲ್ಲಿ ಸುಪ್ರೀಂ ಕೋರ್ಟು ಶಿಕ್ಷೆಯನ್ನು ಸ್ಥಿರೀಕರಿಸಿತು. ತಂತಿಗೆ ಕಳ್ಳನಾರು, ಹಾದಿ ತಪ್ಪಿದ ಮಗುವಾವುದು ಎಂಬ ವಿವೇಕವಿಲ್ಲ. ಪೀಣ್ಯದಂಥ ಕಡೆ ಗೋದಾಮಿಗೆ ಬೇಲಿ ಹಾಕುವವರು ಇದನ್ನು ಮರೆಯಬಾರದು.

ಜ್ಯೂರಿ ಇನ್ನೂ ಉಳಿದಿರುವ ಅಮೆರಿಕಾದ ಒಂದು ಘಟನೆಯೂ ಉಲ್ಲೇಖಾರ್ಹ. 1992ರ ಅಕ್ಟೋಬರ್ 17ರಂದು ಲೂಯಿಸಿಯಾನಾದ ಬ್ಯಾಟನ್ ರೂಜ್ ನಗರದಲ್ಲಿ ಹದಿನಾರು ವರ್ಷದ ಜಪಾನೀ ವಿದ್ಯಾರ್ಥಿ ಯೋಶಿಹಿರೊ ಹತ್ತೊರಿ ಔತಣಕೂಟಕ್ಕೆಂದು ಹೊರಟು ತಪ್ಪಿ ಬೇರೊಂದು ಮನೆಗೆ ಹೋದನು. ನಿಲ್ಲೆಂಬ ಯಜಮಾನನ ಕೂಗು ಕೇಳಿಯೂ ಮುಂದೆ ಬಂದ ಹುಡುಗನು ಗುಂಡೇಟಿಗೆ ಬಲಿಯಾದನು. 1993ರಲ್ಲಿ ಜ್ಯೂರಿಯು ಯಜಮಾನನನ್ನು ಬಿಡುಗಡೆ ಮಾಡಿತು. 1994ರಲ್ಲಿ ಸಿವಿಲ್ ನ್ಯಾಯಾಲಯವು ಹುಡುಗನ ತಂದೆತಾಯಿಗಳಿಗೆ ಸುಮಾರು ಆರೂವರೆ ಲಕ್ಷ ಡಾಲರ್ ಪರಿಹಾರ ಕೊಡಬೇಕೆಂದು ತೀರ್ಪಿತ್ತಿತು. ನಿಜವಾದ ಭಯವೂ ತಪ್ಪು ಭಯವಾಗಿರಬಹುದೆಂಬುದಕ್ಕೆ ಇದಕ್ಕಿಂತ ದಾರುಣ ನಿದರ್ಶನ ಬೇಡ.

ಇಂದಿನ ಕರ್ತವ್ಯ

2024ರ ಜುಲೈ 1ರಿಂದ ದಂಡಸಂಹಿತೆಯ ಸ್ಥಾನದಲ್ಲಿ ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ರಕ್ಷಣೆಯ ಹಕ್ಕು ಅದರ 34ರಿಂದ 44ರ ಕಲಮುಗಳಲ್ಲಿದೆ. 99ರ ಗಡಿ 37ರಲ್ಲಿಯೂ, ಸ್ವತ್ತಿನ ರಕ್ಷಣೆಯಲ್ಲಿ ಪ್ರಾಣಹಾನಿಯ ವಿಷಯ 41ರಲ್ಲಿಯೂ ಮುಂದುವರಿದಿವೆ. ರಾತ್ರಿಯ ಮನೆ ಒಡೆತವೆಂಬುದನ್ನು ಸೂರ್ಯಾಸ್ತದಿಂದ ಸೂರ್ಯೋದಯದವರೆಗೆಂದು ಅಲ್ಲಿಯೇ ಸ್ಪಷ್ಟಪಡಿಸಲಾಗಿದೆ. ಸಂಖ್ಯೆಗಳು ಬದಲಾದರೂ ಪ್ರಶ್ನೆಗಳು ಅವೇ: ಭಯಕ್ಕೆ ಯುಕ್ತ ಕಾರಣವಿತ್ತೆ? ಪೊಲೀಸರನ್ನು ಕರೆಯಲು ಸಮಯವಿತ್ತೆ? ಬಳಸಿದ ಬಲ ಅಗತ್ಯವಿದ್ದಷ್ಟೇ ಆಗಿತ್ತೆ? ಅಪಾಯ ಮುಗಿದ ಮೇಲೆ ಕೈ ನಿಂತಿತೆ?

ಕೊನೆಯ ಪ್ರಶ್ನೆಯೇ ಹೊರವಲಯದ ಬಡಾವಣೆಗಳಲ್ಲಿ ಹೆಚ್ಚು ಪ್ರಸ್ತುತ. ಸಿಕ್ಕಿಬಿದ್ದವನನ್ನು ಕಂಬಕ್ಕೆ ಕಟ್ಟಿ ಹೊಡೆಯುವುದನ್ನು ಯಾವ ಕಲಮೂ ರಕ್ಷಣೆಯೆನ್ನುವುದಿಲ್ಲ. 2018ರ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಮಕ್ಕಳ ಕಳ್ಳನೆಂಬ ವದಂತಿಯ ಮೇಲೆ ರಾಜಸ್ಥಾನ ಮೂಲದ ಯುವಕನೊಬ್ಬನನ್ನು ಗುಂಪು ಹೊಡೆದು ಕೊಂದಿತು. ತಮ್ಮೆದುರಿಗೆ ಗಂಭೀರ ಅಪರಾಧ ಮಾಡಿದವನನ್ನು ನಾಗರಿಕರು ಹಿಡಿಯಬಹುದು. ಆದರೆ ವಿಳಂಬವಿಲ್ಲದೆ, ಹೆಚ್ಚೆಂದರೆ ಆರು ಗಂಟೆಯೊಳಗೆ, ಪೊಲೀಸರ ವಶಕ್ಕೆ ಒಪ್ಪಿಸಬೇಕೆಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 40ನೆಯ ಕಲಂ ವಿಧಿಸುತ್ತದೆ. ಇಲ್ಲಿ ಅಹಿಂಸಾಣುವ್ರತದ ಅತಿಚಾರಗಳು ನೆನಪಾಗಬೇಕು: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಕಟ್ಟುವುದು, ಹೊಡೆಯುವುದು, ನೀರು ಕೇಳಿದರೆ ಕೊಡದಿರುವುದು ಇವು ಪಶುಗಳ ವಿಷಯದಲ್ಲೇ ವ್ರತಕ್ಕೆ ಕಲಂಕವೆಂದ ಮೇಲೆ ಮನುಷ್ಯನ ವಿಷಯದಲ್ಲಿ ಹೇಳುವುದೇನು?

ಬಸದಿ ಮಂದಿರಗಳ ಟ್ರಸ್ಟುಗಳಿಗೆ ವಿಶೇಷ ಹೊಣೆಯಿದೆ. ಅನರ್ಥದಂಡಗಳಲ್ಲಿ ಹಿಂಸಾದಾನವೆಂಬುದೊಂದು; ಹಿಂಸೆಯ ಸಾಧನಗಳನ್ನು ಪರರಿಗೆ ಕೊಡುವುದು ಅದರ ಅರ್ಥ. ಕಾವಲುಗಾರನ ಕೈಗೆ ಮಚ್ಚು ಕೊಟ್ಟು, ಕಳ್ಳ ಬಂದರೆ ಬಿಡಬೇಡವೆಂದು ಹೇಳಿದ ವಿಶ್ವಸ್ತರು ಆ ಏಟಿನಲ್ಲಿ ಭಾಗಿಗಳೇ ಆಗುತ್ತಾರೆ. ಪ್ರೇರಣೆಯೆಂದು ಕಾನೂನೂ ಅವರನ್ನು ಕೇಳಬಹುದು. ಅವನಾದರೋ ದೂರದ ಊರಿನಿಂದ ಬಂದ ಬಡವ. ಅನಾಹುತವಾದರೆ ಮೊದಲು ಸೆರೆಮನೆ ಸೇರುವವನು ಅವನೇ. ವಕೀಲರನ್ನಿಡಲು ಹಣವಾಗಲಿ, ಜಾಮೀನಿಗೆ ನಿಲ್ಲುವವರಾಗಲಿ ಅವನಿಗಿಲ್ಲ. ಆದುದರಿಂದ ಗಟ್ಟಿಯಾದ ಬೀಗ, ಬೆಳಕು, ಕ್ಯಾಮೆರಾ, ಎಚ್ಚರಿಕೆಯ ಗಂಟೆ, 112ಕ್ಕೆ ಕರೆ ಮಾಡುವ ವ್ಯವಸ್ಥೆ ಇವನ್ನು ಮೊದಲು ಏರ್ಪಡಿಸಬೇಕು. ಜಿನಬಿಂಬಗಳ ಛಾಯಾಚಿತ್ರ ಸಹಿತವಾದ ಪಟ್ಟಿ ಇರಬೇಕು. ಏನು ಮಾಡಬೇಕು, ಏನು ಮಾಡಕೂಡದೆಂಬುದನ್ನು ಕಾವಲುಗಾರನಿಗೆ ತಿಳಿಯುವ ಭಾಷೆಯಲ್ಲಿ ಬರೆದುಕೊಟ್ಟು ಓದಿ ಹೇಳಬೇಕು. ಕರ್ತವ್ಯದಲ್ಲಿದ್ದಾಗ ಅವನಿಗೆ ಕಷ್ಟ ಒದಗಿದರೆ ಟ್ರಸ್ಟು ಕೈಬಿಡಬಾರದು. ಬೆಳ್ಳಿಯ ಛತ್ರವನ್ನು ಮತ್ತೆ ಮಾಡಿಸಬಹುದು. ಹೋದ ಪ್ರಾಣವನ್ನು ಯಾವ ದಾನಿಯೂ ತಂದುಕೊಡಲಾರನು.

ಭರತ ಬಾಹುಬಲಿಗಳ ಕಥೆ ಮಕ್ಕಳಿಗೂ ಗೊತ್ತು. ಸೈನ್ಯಗಳ ಸಂಹಾರವನ್ನು ತಪ್ಪಿಸಲು ಸೋದರರಿಬ್ಬರೇ ದೃಷ್ಟಿ, ಜಲ, ಮಲ್ಲ ಯುದ್ಧಗಳಿಗೆ ಒಪ್ಪಿದರು. ಗೆಲುವು ಕೈಸೇರಿದ್ದಾಗ, ಎತ್ತಿಹಿಡಿದ ಅಣ್ಣನನ್ನು ಬಾಹುಬಲಿ ನೆಲಕ್ಕೆ ಅಪ್ಪಳಿಸಲಿಲ್ಲ. ಒಪ್ಪಂದವನ್ನು ಮೀರಿ ಚಕ್ರವನ್ನು ಬಿಟ್ಟವನು ಸೋತ ಭರತ. ತನ್ನ ನೆಲವನ್ನು ಕಾಯಲು ಬಾಹುಬಲಿ ಹಿಂಜರಿಯಲಿಲ್ಲ. ಕಾದಾದ ಮೇಲೆ ಒಂದು ಏಟನ್ನೂ ಹೆಚ್ಚು ಹಾಕಲಿಲ್ಲ. ಮನೆ, ಅಂಗಡಿ, ಮಂದಿರಗಳನ್ನು ಕಾಯಬೇಕಾದ ಇಂದಿನ ಗೃಹಸ್ಥರು ಕಾನೂನು ಕೊಟ್ಟ ಹಕ್ಕನ್ನು ತಿಳಿದಿರಲಿ, ಅದನ್ನು ಬಳಸುವ ಪ್ರಸಂಗವೇ ಬಾರದಂತೆ ಮುಂಜಾಗ್ರತೆ ವಹಿಸಲಿ. ಬಂದೇ ಬಂದರೆ ಎತ್ತಿದ ಕೈಯನ್ನು ಎಲ್ಲಿ ಇಳಿಸಬೇಕೆಂಬ ವಿವೇಕವು ವ್ರತಾಭ್ಯಾಸದಿಂದ ಮೊದಲೇ ಸಿದ್ಧವಾಗಿರಲಿ.