ಮೊದಲ ದಿನ ಐದು ನಿಮಿಷ

ನಾಗಪುರದಿಂದ ಹೈದರಾಬಾದಿನ ಕಡೆ ಹೊರಟ ಹೆದ್ದಾರಿ ಬುಟಿಬೋರಿಯ ಹತ್ತಿರ ಕವಲೊಡೆಯುತ್ತದೆ. ನೇರ ಹೋದರೆ ಹಿಂಗಣಘಾಟ್, ಬಲಕ್ಕೆ ಹೊರಳಿದರೆ ವರ್ಧಾ. ಕೆಲಸದ ನಿಮಿತ್ತ ಹುಬ್ಬಳ್ಳಿ ಬಿಟ್ಟು ಬುಟಿಬೋರಿಯ ಎಂಐಡಿಸಿಯಲ್ಲಿ ಕೆಲಕಾಲ ಇದ್ದ ನನಗೆ ಆ ತಿರುವು ಬರೀ ಒಂದು ಬೋರ್ಡಾಗಿತ್ತು. ಕಾರ್ಖಾನೆ, ಶಿಫ್ಟು, ಬಾಡಿಗೆ ಕೋಣೆ, ಮೇ ತಿಂಗಳ ವಿದರ್ಭದ ಬಿಸಿಲು, ಇಷ್ಟರಲ್ಲೇ ದಿನ ಮುಗಿಯುತ್ತಿತ್ತು. ಕೋಣೆಯ ಗೋಡೆಗೆ ಒಂದು ವೇಳಾಪಟ್ಟಿ ಅಂಟಿಸಿದ್ದೆ: ಬೆಳಗ್ಗೆ ಐದಕ್ಕೆ ಏಳುವುದು, ಒಂದು ಗಂಟೆ ನಡೆಯುವುದು, ಒಂದು ಗಂಟೆ ಓದುವುದು. ಅದು ಒಂಬತ್ತು ದಿನ ನಡೆಯಿತು. ಆಮೇಲೆ ರಾತ್ರಿ ಪಾಳಿ ಬಂತು, ಪಟ್ಟಿ ಗೋಡೆಯ ಮೇಲೆಯೇ ಉಳಿಯಿತು.

ಒಂದು ರಜೆಯ ದಿನ ಬೇಸರ ಕಳೆಯಲೆಂದು ವರ್ಧಾ ಬಸ್ಸು ಹತ್ತಿ, ಊರು ಇನ್ನೂ ಎಂಟು ಕಿಲೋಮೀಟರ್ ಇರುವಾಗಲೇ ಪವನಾರಿನಲ್ಲಿ ಇಳಿದೆ. ಅಲ್ಲಿ ಧಾಮ್ ಎಂಬ ನದಿ, ನದಿಯ ದಂಡೆಯ ದಿಬ್ಬದ ಮೇಲೆ ವಿನೋಬಾ ಭಾವೆಯವರ ಆಶ್ರಮ. ಗೋಡೆಯ ಮೇಲಿನ ಪಟ್ಟಿ ಯಾಕೆ ಸತ್ತಿತು ಎಂಬುದು ನನಗೆ ಹೊಳೆದದ್ದು ಆ ದಿಬ್ಬದ ಕಥೆ ಓದಿದ ಮೇಲೆ. ಇಂದಿನ ಪತ್ರದಲ್ಲಿ ಆ ಕಥೆಯನ್ನೂ, ಅದಕ್ಕೆ ತಗಲಿಕೊಂಡ ಎರಡು ಸೋಲುಗಳ ಕಥೆಯನ್ನೂ ಹೇಳುತ್ತೇನೆ. ಒಂದು ಸೋಲು ನಮ್ಮ ಬೆಳಗಾವಿಯದು.

*

1938. ವಿನೋಬಾ ಅವರಿಗೆ 42 ವರ್ಷ. 1916ರಲ್ಲಿ ಅಹಮದಾಬಾದಿನ ಕೋಚ್ರಬ್ ಆಶ್ರಮದಲ್ಲಿ ಗಾಂಧೀಜಿಯನ್ನು ಸೇರಿ, 1921ರಲ್ಲಿ ವರ್ಧಾಕ್ಕೆ ಬಂದಿದ್ದರು. ಪಕ್ಕದ ನಾಲವಾಡಿಯಲ್ಲಿ ಕೂತು, ನೂಲುವವರಿಗೆ ಸಿಗುವ ಕೂಲಿಯಲ್ಲಿ ಒಬ್ಬ ಮನುಷ್ಯ ಬದುಕಬಲ್ಲನೇ ಎಂದು ತನ್ನ ಮೈಮೇಲೆಯೇ ಪ್ರಯೋಗ ಮಾಡಿದ್ದರು. ದಿನಕ್ಕೆ ಎಂಟು ಗಂಟೆ ನೂಲು, ಅದರ ಕೂಲಿಗೆ ಎಷ್ಟು ಬಂದೀತೋ ಅಷ್ಟೇ ಊಟ. ಮೈ ಇಳಿಯಿತು. ತೂಕ 88 ಪೌಂಡಿಗೆ ಬಂತು, ಅಂದರೆ ಸುಮಾರು 40 ಕಿಲೋ.

ಗಾಂಧೀಜಿಗೆ ಚಿಂತೆಯಾಯಿತು. ಬೆಟ್ಟದ ಹವೆಗೆ ಹೋಗಿ ಎಂಬ ಸಲಹೆ ಬಂತು. ವಿನೋಬಾ ಆರಿಸಿಕೊಂಡದ್ದು ಪವನಾರಿನಲ್ಲಿ ಜಮನಾಲಾಲ್ ಬಜಾಜರದ್ದೊಂದು ಮನೆಯನ್ನು. ಗಾಂಧೀಜಿ ಹಾಕಿದ ಷರತ್ತು ಒಂದೇ: ಕೆಲಸದ ಯೋಚನೆಯನ್ನೆಲ್ಲ ಬಿಟ್ಟು ಹೋಗಬೇಕು. ಧಾಮ್ ನದಿಯ ಸೇತುವೆ ದಾಟುವಾಗ ವಿನೋಬಾ, ಎಲ್ಲವನ್ನೂ ಬಿಟ್ಟೆ ಎಂದು ಮೂರು ಸಲ ಹೇಳಿಕೊಂಡರಂತೆ. ನದಿಯಾಚೆಯ ಆ ಜಾಗಕ್ಕೆ ಪರಂಧಾಮ ಎಂಬ ಹೆಸರು ಬಂದದ್ದು ಹಾಗೆ. ಧಾಮ್ ನದಿಯ ಆಚೆಯದು ಪರಂಧಾಮ.

ಅಲ್ಲಿ ಅವರು ಮಾಡಿದ ಕೆಲಸ ಹೊಲ ಅಗೆಯುವುದು. ಮೊದಲ ದಿನ ಐದೇ ನಿಮಿಷ ಅಗೆದರು. ಮರುದಿನ ಅದಕ್ಕೆ ಎರಡು ನಿಮಿಷ ಸೇರಿಸಿದರು. ಹೀಗೇ ದಿನಕ್ಕೆ ಎರಡೆರಡು ನಿಮಿಷ ಏರಿಸುತ್ತ ಕೊನೆಗೆ ದಿನಕ್ಕೆ ಎರಡು ಗಂಟೆ ಅಗೆಯುವಂತಾದರು. ನಡುನಡುವೆ ನಿಂತು ದಣಿವಾರಿಸಿಕೊಳ್ಳುತ್ತಿದ್ದರು. ಹತ್ತು ತಿಂಗಳಲ್ಲಿ ತೂಕ 88ರಿಂದ 128 ಪೌಂಡಿಗೆ ಏರಿತು.

ಲೆಕ್ಕ ಹಾಕಿ ನೋಡಿದೆ. ಐದರಿಂದ ಶುರುಮಾಡಿ ದಿನಕ್ಕೆ ಎರಡರಂತೆ ಕೂಡಿಸಿದರೆ ಎರಡು ಗಂಟೆ ಮುಟ್ಟುವುದು 59ನೆಯ ದಿನ. ಅಷ್ಟರಲ್ಲಿ ಒಟ್ಟು ಅಗೆತ 60 ಗಂಟೆ ದಾಟಿರುತ್ತದೆ. 40 ಕಿಲೋದ ಮನುಷ್ಯನಿಗೆ 60 ಗಂಟೆ ನೆಲ ಅಗೆ ಎಂದು ಯಾರಾದರೂ ಹೇಳಿದ್ದರೆ ಅದು ಹಿಂಸೆಯಾಗುತ್ತಿತ್ತು. ಐದು ನಿಮಿಷ ಅಗೆ ಎಂದರೆ ಯಾರಿಗೂ ಅಡ್ಡಿಯಿಲ್ಲ.

ಇದಕ್ಕೆ 70 ವರ್ಷಗಳ ಮೇಲೆ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಮಂದಿಯನ್ನು 12 ವಾರ ಗಮನಿಸಿದರು. ಊಟದ ಜೊತೆ ಒಂದು ಹಣ್ಣು ತಿನ್ನುವಂಥ, ಸ್ವಲ್ಪ ಓಡುವಂಥ ಒಂದೊಂದು ಹೊಸ ಕೆಲಸವನ್ನು ಅವರು ದಿನವೂ ಮಾಡಬೇಕಿತ್ತು. ಯೋಚಿಸದೆಯೇ ಕೈ ಆ ಕೆಲಸಕ್ಕೆ ಹೋಗುವಂತಾಗಲು ಸರಾಸರಿ 66 ದಿನ ಬೇಕಾಯಿತು; ಕೆಲವರಿಗೆ 18 ದಿನ ಸಾಕು, ಕೆಲವರ ಲೆಕ್ಕ 254ಕ್ಕೆ ಹೋಗುತ್ತಿತ್ತು. ಒಂದು ದಿನ ತಪ್ಪಿದರೆ ದೊಡ್ಡ ನಷ್ಟವೇನೂ ಇಲ್ಲ ಎಂಬುದೂ ತಿಳಿಯಿತು. ಪವನಾರಿನ 59 ಮತ್ತು ಲಂಡನ್ನಿನ 66 ಹತ್ತಿರ ಬಂದದ್ದು ಕಾಕತಾಳೀಯ. ಅದನ್ನು ಹಿಡಿದುಕೊಂಡು ಸಿದ್ಧಾಂತ ಕಟ್ಟಬೇಕಿಲ್ಲ. ಆದರೆ ಎರಡು ತಿಂಗಳು ಎಂಬ ಅಳತೆ ನೆನಪಿನಲ್ಲಿರಲಿ. ನನ್ನ ಪಟ್ಟಿ ಒಂಬತ್ತು ದಿನಕ್ಕೇ ತೀರ್ಪು ಕೇಳಿತ್ತು.

*

ವಿನೋಬಾ ಅವರ ಬದುಕಿನ ತುಂಬ ಇಂಥ ಎಣಿಕೆಗಳು ಸಿಗುತ್ತವೆ. ತಾಯಿ ರುಕ್ಮಿಣಿದೇವಿ ಕರ್ನಾಟಕದ ಮೂಲದವರು. ಮರಾಠಿ ಸಂತರ ಅಭಂಗಗಳ ಜೊತೆ ಕನ್ನಡದ ಭಕ್ತಿಗೀತೆಗಳೂ ಅವರಿಗೆ ಬರುತ್ತಿದ್ದವು. ಸಂಸ್ಕೃತದ ಗೀತೆ ನನಗೆ ತಿಳಿಯದು, ನೀನೇ ಮರಾಠಿಯಲ್ಲಿ ಬರೆಯಬಾರದೇಕೆ ಎಂದು ಮಗನನ್ನು ಒಮ್ಮೆ ಕೇಳಿದ್ದರು. ತಾಯಿ 1918ರಲ್ಲಿ ತೀರಿಕೊಂಡರು. ಮಗ ಬರೆಯಲು ಕೂತದ್ದು 1930ರ ಅಕ್ಟೋಬರ್ 7ರಂದು. ಮುಗಿಸಿದ್ದು 1931ರ ಫೆಬ್ರವರಿ 6ರಂದು. 123 ದಿನ, 700 ಶ್ಲೋಕ. ದಿನಕ್ಕೆ ಆರರ ಆಸುಪಾಸು. ಅದೇ ಮರಾಠಿಯ ಮನೆಮನೆಯ ‘ಗೀತಾಯಿ’.

1932ರಲ್ಲಿ ಧುಳೆ ಜೈಲಿನಲ್ಲಿ ಸಹಕೈದಿಗಳಿಗೆ ಗೀತೆಯ ಮೇಲೆ ಮಾತಾಡಿದರು. ಫೆಬ್ರವರಿ 21ರಿಂದ ಜೂನ್ 19ರವರೆಗೆ, ರವಿವಾರಕ್ಕೊಂದು ಅಧ್ಯಾಯ. 18 ರವಿವಾರ, 18 ಅಧ್ಯಾಯ. ಸಾನೆ ಗುರೂಜಿ ಅದನ್ನು ಬರೆದಿಟ್ಟುಕೊಂಡರು. ‘ಗೀತಾ ಪ್ರವಚನ’ ಎಂದು ಅದು ಕನ್ನಡವೂ ಸೇರಿ ಅನೇಕ ಭಾಷೆಗಳಿಗೆ ಬಂದಿದೆ.

1942ರ ಚಳವಳಿಯಲ್ಲಿ ಅವರನ್ನು ವೆಲ್ಲೂರು ಜೈಲಿಗೆ ಕಳಿಸಿದಾಗ ಅಲ್ಲಿ ಕಲಿತದ್ದು ತಮಿಳು, ತೆಲುಗು, ಕನ್ನಡ, ಮಲಯಾಳ, ನಾಲ್ಕನ್ನೂ ಒಟ್ಟಿಗೆ. ಒಂದರ ಪದವನ್ನು ಇನ್ನೊಂದರ ಪದದ ಪಕ್ಕ ಇಟ್ಟು ನೋಡುವ ಕ್ರಮ. ತಾಯಿಯ ಹಾಡಿನ ಭಾಷೆಯ ಅಕ್ಷರ ಅವರಿಗೆ ದಕ್ಕಿದ್ದು ಸೆರೆಮನೆಯಲ್ಲಿ, ಐವತ್ತರ ಹತ್ತಿರದ ವಯಸ್ಸಿನಲ್ಲಿ.

ಪವನಾರಿನ ಅಗೆತಕ್ಕೂ ಒಂದು ಬಾಲಂಗೋಚಿ ಉಂಟು. ಧುಳೆಯ ಹನ್ನೆರಡನೆಯ ಪ್ರವಚನದಲ್ಲಿ ಅವರು ರಾಮನ ಸಂಗಡ ಹೋದ ಲಕ್ಷ್ಮಣ, ದೂರ ಉಳಿದ ಭರತ, ಇಬ್ಬರ ಭಕ್ತಿಯನ್ನೂ ಹೋಲಿಸಿ, ರಾಮ ಭರತರ ಭೇಟಿಯನ್ನು ಯಾರಾದರೂ ಚಿತ್ರಿಸಿದರೆ ಎಷ್ಟು ಚೆನ್ನ ಎಂದಿದ್ದರು. ಪವನಾರಿನ ನೆಲದಲ್ಲಿ ಗುದ್ದಲಿಗೆ ಒಂದು ಕಲ್ಲು ತಾಗಿತು. ಬಿಡಿಸಿ ನೋಡಿದರೆ ಅದು ಭರತ ರಾಮರ ಭೇಟಿಯ ಹಳೆಯ ಶಿಲ್ಪವೆಂದು ಅವರಿಗೆ ಕಂಡಿತು. ಆ ವಿಗ್ರಹ ಈಗಲೂ ಆಶ್ರಮದಲ್ಲಿದೆ. ಇದನ್ನು ಪವಾಡ ಎನ್ನುವವರು ಎನ್ನಲಿ. ನನಗೆ ಕಾಣುವುದು ಇಷ್ಟೆ: ದಿನವೂ ಅಗೆಯುವವನ ಗುದ್ದಲಿಗೆ ಏನಾದರೂ ತಾಗುವ ಸಂಭವ ಹೆಚ್ಚು.

*

ಇಲ್ಲಿಗೇ ನಿಲ್ಲಿಸಿದರೆ ಇದೊಂದು ನೀತಿಕಥೆ. ಚರಿತ್ರೆ ಅಷ್ಟು ಅನುಕೂಲವಾಗಿಲ್ಲ.

1924ರ ಡಿಸೆಂಬರ್ ಕೊನೆಯ ವಾರ, ಬೆಳಗಾವಿ. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಒಂದೇ ಒಂದು ಕಾಂಗ್ರೆಸ್ ಅಧಿವೇಶನ. ಗಂಗಾಧರರಾವ್ ದೇಶಪಾಂಡೆಯವರ ಮುಂದಾಳತ್ವ, ಟಿಳಕವಾಡಿಯ ಡೇರೆಗಳು, ನೀರಿಗಾಗಿ ತೋಡಿದ ಬಾವಿ, ಇದೆಲ್ಲ ನಮಗೆ ಗೊತ್ತು. ಅಲ್ಲಿ ಆದ ಒಂದು ನಿರ್ಣಯ ಮಾತ್ರ ಅಷ್ಟಾಗಿ ನೆನಪಿನಲ್ಲಿಲ್ಲ. ಕಾಂಗ್ರೆಸ್ಸಿನ ಸದಸ್ಯತ್ವಕ್ಕೆ ಅದುವರೆಗೆ ವರ್ಷಕ್ಕೆ ನಾಲ್ಕಾಣೆ ಚಂದಾ ಇತ್ತು. ಬೆಳಗಾವಿಯಲ್ಲಿ ಅದರ ಬದಲು ನೂಲು ಬಂತು: ತಿಂಗಳಿಗೆ 2,000 ಗಜ, ವರ್ಷಕ್ಕೆ 24,000 ಗಜ.

ದಿನದ ಲೆಕ್ಕದಲ್ಲಿ ಇದು 67 ಗಜಕ್ಕಿಂತ ಕಡಿಮೆ. ಪ್ರತಿಯೊಬ್ಬರೂ ದಿನಕ್ಕೆ ಅರ್ಧ ಗಂಟೆ ನೂಲಲಿ ಎಂದು ಗಾಂಧೀಜಿ ಆ ವರ್ಷವೆಲ್ಲ ಹೇಳುತ್ತಿದ್ದರು. ಚರಕದಲ್ಲಿ ಸ್ವಲ್ಪ ಪಳಗಿದ ಕೈಗೆ ಅರ್ಧ ಗಂಟೆಯಲ್ಲಿ ಅಷ್ಟು ನೂಲು ಕಷ್ಟವಲ್ಲ. ಸಣ್ಣ ಕೆಲಸ, ನಿತ್ಯದ ಕೆಲಸ, ಹಿಂದೆ ದೊಡ್ಡ ಗುರಿ. ಇಂದಿನ ಅಭ್ಯಾಸದ ಪುಸ್ತಕಗಳು ಕೇಳುವುದೆಲ್ಲ ಅಲ್ಲಿತ್ತು.

ಆದರೂ ಸೋತಿತು. ಸ್ವರಾಜ್ಯ ಪಕ್ಷದವರಿಗೆ ಶಾಸನಸಭೆಯ ರಾಜಕೀಯ ಮುಖ್ಯವಾಗಿತ್ತು, ಚರಕ ಹಿಡಿಸಿರಲಿಲ್ಲ. ಒಪ್ಪಂದಕ್ಕಾಗಿ ನಿಯಮದಲ್ಲಿ ಒಂದು ಕಿಂಡಿ ಬಿಟ್ಟರು: ಕಾಯಿಲೆಯಾದರೆ, ಅಥವಾ ಮನಸ್ಸೇ ಇಲ್ಲದಿದ್ದರೆ, ಬೇರೆಯವರು ನೂತ ನೂಲನ್ನು ಕೊಡಬಹುದು. ಅಂದರೆ ಕೊಂಡು ತಂದರೂ ಆಯಿತು. ಅಭ್ಯಾಸ ಅಲ್ಲಿಗೆ ಮತ್ತೆ ಚಂದಾ ಆಯಿತು. ನಾಲ್ಕಾಣೆಗಿಂತ ತುಸು ದುಬಾರಿ, ಅಷ್ಟೆ. ಒಂಬತ್ತು ತಿಂಗಳೊಳಗೆ, 1925ರ ಸೆಪ್ಟೆಂಬರಿನಲ್ಲಿ ಪಾಟ್ನಾದಲ್ಲಿ ಸೇರಿದ ಸಮಿತಿ, ನಾಲ್ಕಾಣೆ ಕೊಟ್ಟರೂ ಸರಿ, ತಾನೇ ನೂತ ನೂಲು ಕೊಟ್ಟರೂ ಸರಿ ಎಂದು ತಿದ್ದಿತು. ನೂಲುವವರಿಗಾಗಿ ಅಖಿಲ ಭಾರತ ಚರಕ ಸಂಘ ಬೇರೆಯೇ ಹುಟ್ಟಿತು.

ಚರಕ ಉಳಿದದ್ದು ಯಾರ ಕೈಯಲ್ಲಿ? ಗಂಗಾಧರರಾವ್ ದೇಶಪಾಂಡೆ ಖಾದಿಗೆ ನೆಲೆ ಮಾಡಿಕೊಟ್ಟ ಹುದಲಿಯಂಥ ಊರುಗಳಲ್ಲಿ, ಧಾರವಾಡದ ಗರಗದಲ್ಲಿ, 1957ರಲ್ಲಿ ಸಂಸ್ಥೆ ಕಟ್ಟಿ ಮುಂದೆ ರಾಷ್ಟ್ರಧ್ವಜ ಹೊಲಿಯುವಂತಾದ ನಮ್ಮ ಹುಬ್ಬಳ್ಳಿಯ ಬೆಂಗೇರಿಯಲ್ಲಿ. ಅಲ್ಲಿ ನೂಲುವವರಲ್ಲಿ ಹೆಚ್ಚಿನವರು ಹೆಂಗಸರು. ಅವರಿಗೆ ಅದು ವ್ರತವಲ್ಲ, ಕೂಲಿ. ದಿನವೂ ಕೂರುವುದಕ್ಕೆ ಅವರಿಗೆ ಯಾವ ನಿರ್ಣಯವೂ ಬೇಕಾಗಲಿಲ್ಲ, ಒಲೆ ಹೊತ್ತಬೇಕಿತ್ತು. ನಾವು ಅಭ್ಯಾಸ, ಶಿಸ್ತು ಎಂದು ದೊಡ್ಡ ಮಾತಾಡುವಾಗ ಇಂಥವರ ನಿತ್ಯದ ದುಡಿಮೆ ಲೆಕ್ಕಕ್ಕೇ ಬರುವುದಿಲ್ಲ.

*

ಎರಡನೆಯ ಸೋಲು ಇನ್ನೂ ದೊಡ್ಡದು, ಅದಕ್ಕೇ ಹೆಚ್ಚು ಘನವಾದದ್ದು.

1951ರ ಏಪ್ರಿಲ್ 18. ತೆಲಂಗಾಣದ ಪೋಚಂಪಳ್ಳಿಯಲ್ಲಿ ದಲಿತ ಕುಟುಂಬಗಳು ಬದುಕಲು 80 ಎಕರೆ ಬೇಕೆಂದು ವಿನೋಬಾ ಅವರನ್ನು ಕೇಳಿದವು. ಸಭೆಯಲ್ಲಿದ್ದ ರಾಮಚಂದ್ರ ರೆಡ್ಡಿ ಎದ್ದು ನಿಂತು 100 ಎಕರೆ ಕೊಟ್ಟರು. ಅಲ್ಲಿಂದ ಭೂದಾನ. 55 ವರ್ಷದ, ಹೊಟ್ಟೆಹುಣ್ಣಿನ ಮನುಷ್ಯ ನಸುಕಿನಲ್ಲೆದ್ದು ನಡೆಯತೊಡಗಿದರು. ದಿನಕ್ಕೊಂದು ಊರು. 1957ರಲ್ಲಿ ಕರ್ನಾಟಕಕ್ಕೂ ಬಂದರು. ಆ ಸೆಪ್ಟೆಂಬರಿನಲ್ಲಿ ಮೈಸೂರಿನ ಹತ್ತಿರದ ಯಲವಾಲದಲ್ಲಿ ಅವರ ಜೊತೆ ಕೂತು ಗ್ರಾಮದಾನದ ಬಗ್ಗೆ ಮಾತಾಡಿದವರಲ್ಲಿ ಪ್ರಧಾನಿ ನೆಹರೂ ಇದ್ದರು, ಕೇರಳದ ಕಮ್ಯುನಿಸ್ಟ್ ಮುಖ್ಯಮಂತ್ರಿ ನಂಬೂದಿರಿಪಾದರೂ ಇದ್ದರು. ವಿನೋಬಾ ಪವನಾರಿಗೆ ಮರಳಿದ್ದು 1964ರ ಏಪ್ರಿಲಿನಲ್ಲಿ. ನಡೆದ ದೂರ 58,000 ಕಿಲೋಮೀಟರಿಗೂ ಹೆಚ್ಚೆಂದು ಸಾಮಾನ್ಯವಾಗಿ ಲೆಕ್ಕ ಕೊಡುತ್ತಾರೆ. ಭೂಮಿಯನ್ನು ಒಂದೂವರೆ ಸುತ್ತು ಹಾಕಿದಷ್ಟು. 13 ವರ್ಷಕ್ಕೆ ಹಂಚಿದರೆ ದಿನಕ್ಕೆ 12 ಕಿಲೋಮೀಟರ್. ನನ್ನ ಪಟ್ಟಿಯ ಒಂದು ಗಂಟೆಯ ನಡಿಗೆಯ ಎರಡೂವರೆ ಪಟ್ಟು.

ಗುರಿ 5 ಕೋಟಿ ಎಕರೆ. ಕೈಗೆ ಬಂದದ್ದು 40 ಲಕ್ಷ ಎಕರೆಗಿಂತ ಸ್ವಲ್ಪ ಹೆಚ್ಚು. ಅದರಲ್ಲಿ ಭೂಮಿ ಇಲ್ಲದವರಿಗೆ ನಿಜವಾಗಿ ಹಂಚಿಕೆಯಾದದ್ದು ಮೂರನೆಯ ಒಂದು ಭಾಗದಷ್ಟು. ಉಳಿದದ್ದರಲ್ಲಿ ಕಲ್ಲುನೆಲ ಇತ್ತು, ಕೋರ್ಟಿನಲ್ಲಿದ್ದ ನೆಲ ಇತ್ತು, ಸಭೆಯಲ್ಲಿ ಕೊಟ್ಟು ಆಮೇಲೆ ಕೈ ತಿರುಗಿಸಿದ ನೆಲ ಇತ್ತು.

ಇಲ್ಲಿ ತಪ್ಪಿದ್ದು ನಡೆದವನ ಶಿಸ್ತಲ್ಲ. ಅಗೆತದಲ್ಲಿ ಗುದ್ದಲಿ ಅವರದು, ತೋಳು ಅವರದು, ಸಮಯ ಅವರದು. ದಿನಕ್ಕೆ ಎರಡು ನಿಮಿಷ ಸೇರಿಸುವುದು ಅವರ ಕೈಯಲ್ಲಿತ್ತು. ಭೂದಾನದಲ್ಲಿ ಹೆಜ್ಜೆ ಅವರದು, ನೆಲ ಬೇರೆಯವರದು, ದಾಖಲೆ ತಲಾಟಿಯದು, ಕಾಯಿದೆ ಸರಕಾರದ್ದು. ಒಬ್ಬನ ನಿತ್ಯದ ನಡಿಗೆ ನೂರು ಜನರ ಮನಸ್ಸನ್ನು ಒಂದು ಸಂಜೆಗೆ ಕರಗಿಸಬಲ್ಲದು. ಮರುದಿನ ಬೆಳಗ್ಗೆ ಅವನು ಮುಂದಿನ ಊರಿಗೆ ಹೋಗಿರುತ್ತಾನೆ. ಆ ಊರಿನಲ್ಲಿ ಉಳಿದು, ಸರ್ವೆ ಮಾಡಿಸಿ, ಖಾತೆ ಬದಲಿಸಿ, ಎತ್ತು ಬೀಜ ಕೊಡಿಸುವ ನಿತ್ಯದ ಕೆಲಸಕ್ಕೆ ಬೇಕಾದಷ್ಟು ಕೈಗಳಿರಲಿಲ್ಲ.

ಇನ್ನೊಂದು ಕಹಿಯೂ ಇದೆ. 1975ರಲ್ಲಿ ತುರ್ತುಪರಿಸ್ಥಿತಿ ಬಂದಾಗ ವಿನೋಬಾ ಮೌನವ್ರತದಲ್ಲಿದ್ದರು. ಅವರ ‘ಅನುಶಾಸನ ಪರ್ವ’ ಎಂಬ ಎರಡು ಪದಗಳನ್ನು ಸರಕಾರ ಘೋಷಣೆ ಮಾಡಿಕೊಂಡಿತು. ಆಳುವವರದು ಶಾಸನ, ಆಚಾರ್ಯರದು ಅನುಶಾಸನ, ಅವರು ಹೇಳಿದ್ದು ಎರಡನೆಯದನ್ನು ಎಂದು ಅವರ ಕಡೆಯವರು ವಿವರಿಸಿದರು. ಅಷ್ಟರಲ್ಲಿ ಆ ಮಾತು ಗೋಡೆಗಳ ಮೇಲೆ ಬಂದಾಗಿತ್ತು. ತನಗೆ ತಾನೇ ಹಾಕಿಕೊಂಡ ನೇಮ ಇನ್ನೊಬ್ಬರ ಮೇಲಿನ ಅಪ್ಪಣೆಯಾಗಲು ಹೆಚ್ಚು ಹೊತ್ತು ಬೇಡ. ಬೆಳಗಾವಿಯಲ್ಲಿ ಅದು ನೂಲಿನ ಎಳೆಯಾಗಿ ಕಾಣಿಸಿತ್ತು.

*

ಸಣ್ಣ ಅಭ್ಯಾಸದಿಂದ ದೊಡ್ಡ ಗುರಿ ಸಾಧ್ಯವೇ ಎಂಬ ಪ್ರಶ್ನೆಗೆ ಬುಟಿಬೋರಿಯ ತಿರುವಿನಿಂದ ಒಂದು ಗಂಟೆಯ ದಾರಿಯಲ್ಲಿರುವ ಆ ದಿಬ್ಬ ಎರಡು ಉತ್ತರ ಕೊಡುತ್ತದೆ. ಗುರಿ ನಿಮ್ಮ ಮೈಯೊಳಗೆ, ಮನಸ್ಸಿನೊಳಗೆ ಇದ್ದರೆ ಐದು ನಿಮಿಷ ಸಾಕು. ಎರಡೆರಡು ಸೇರಿಸುತ್ತ ಹೋಗಿ. ಗುರಿ ಇನ್ನೊಬ್ಬರ ಹೊಲದಲ್ಲಿ, ಇನ್ನೊಬ್ಬರ ಕೈಯಲ್ಲಿ ಇದ್ದರೆ ನಿಮ್ಮ ಐದು ನಿಮಿಷ ಬೇಕೇ ಬೇಕು, ಅದೊಂದೇ ಸಾಲದು. ಮೊದಲನೆಯದನ್ನು ಎರಡನೆಯದಕ್ಕೆ ಮದ್ದೆಂದು ಮಾರುವವರ ಮಾತನ್ನು ಮಾತ್ರ ಅರ್ಧ ಕಿವಿಯಲ್ಲಿ ಕೇಳಿ. ಕೂಲಿ ಸಾಲದವನಿಗೆ ಬೇಗ ಏಳು ಎಂದು ಬುದ್ಧಿ ಹೇಳುವುದು ಆ ಬಗೆಯದು.

ಪವನಾರಿನಿಂದ ಮರಳಿದ ಮೇಲೆ ನಾನು ಗೋಡೆಯ ಪಟ್ಟಿ ಕಿತ್ತೆ. ಯಾವ ಪಾಳಿ ಇದ್ದರೂ ಊಟವಾದ ಮೇಲೆ ಐದು ನಿಮಿಷ ಓದುವುದು ಎಂದಷ್ಟೇ ಇಟ್ಟುಕೊಂಡೆ. ಎರಡು ಗಂಟೆಗೆ ಅದು ಎಂದೂ ಏರಲಿಲ್ಲ, ನಲವತ್ತು ನಿಮಿಷಕ್ಕೆ ನಿಂತಿದೆ. ಈ ಪತ್ರಗಳು ಹುಟ್ಟುವುದು ಆ ನಲವತ್ತು ನಿಮಿಷಗಳಲ್ಲಿ. ನೀವು ಇದನ್ನು ಓದಿ ಮುಗಿಸಲು ಹಿಡಿದ ಹೊತ್ತು ಅದರ ಕಾಲುಭಾಗ ಇದ್ದೀತು. ನಾಳೆಯೂ ಅಷ್ಟು ಹೊತ್ತು ಯಾವುದಾದರೂ ಪುಸ್ತಕಕ್ಕೆ ಕೊಡಿ. ಮುಂದಿನ ಪತ್ರದಲ್ಲಿ ಸಿಗೋಣ.